ಹಳೆ ಡೀಸೆಲ್ ಪಿಕಪ್: ಬೋರ್ ಮಾಡಿಸೋದಾ, ಗುಜರಿ ಇಂಜಿನ್ ಕೂರಿಸೋದಾ, ಕೊಟ್ಟುಬಿಡೋದಾ?

ಮೂರು ಲಕ್ಷ ಕಿಲೋಮೀಟರ್ ದಾಟಿದ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿ, ದಿಬ್ಬ ಹತ್ತುವಾಗ ಹಿಂದಿನವರಿಗೆ ರಸ್ತೆಯೇ ಕಾಣದಷ್ಟು ಹೊಗೆ ಬಿಡಲು ಶುರು ಮಾಡಿದರೆ ಸಲಹೆ ಕೊಡುವವರಿಗೇನೂ ಬರವಿಲ್ಲ. ಗ್ಯಾರೇಜಿನವನು "ಇಂಜಿನ್ ಬಿಚ್ಚೋಣ ಅಣ್ಣಾ, ಬೋರ್ ಮಾಡಿಸಿದ್ರೆ ಹೊಸ ಗಾಡಿನೇ" ಅನ್ನುತ್ತಾನೆ. ಬೋರ್ ಮಾಡಿಸುವುದು ಅಂದರೆ ಸವೆದ ಸಿಲಿಂಡರನ್ನು ಮತ್ತೆ ದುಂಡಗೆ ಕೊರೆಸಿ ಹೊಸ ಪಿಸ್ಟನ್ ಹಾಕಿಸುವುದು. ಪಕ್ಕದ ಅಂಗಡಿಯವರು "ಸುಮ್ನೆ ಯಾಕೆ ತಲೆನೋವು, ಶಿವಾಜಿನಗರದ ಗುಜರಿಯಲ್ಲಿ ರೆಡಿ ಇಂಜಿನ್ ಸಿಗುತ್ತೆ" ಅನ್ನುತ್ತಾರೆ. ಮನೆಯಲ್ಲಿ ಮಗ "ಕೊಟ್ಟುಬಿಡಿ ಅಪ್ಪ, ಹೊಸದಕ್ಕೆ ಲೋನ್ ಮಾಡೋಣ" ಅನ್ನುತ್ತಾನೆ.

ಎಲ್ಲರೂ ಮಾತಾಡುವುದು ಇಂಜಿನ್ ಬಗ್ಗೆಯೇ. ಹೊಗೆ ಕಣ್ಣಿಗೆ ಕಾಣುತ್ತೆ, ಸದ್ದು ಕಿವಿಗೆ ಕೇಳುತ್ತೆ, ಅದಕ್ಕೇ. ಆದರೆ ಹಳೆ ಪಿಕಪ್ಪಿಗೆ ದುಡ್ಡು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇಂಜಿನ್ ಅಲ್ಲ, ಛಾಸಿ (ಇಡೀ ಗಾಡಿ ಕೂರುವ ಕೆಳಗಿನ ಕಬ್ಬಿಣದ ಚೌಕಟ್ಟು) ಮತ್ತು ಕಾಗದ. ಇಂಜಿನ್ ಅಂಗಡಿಯಲ್ಲಿ ಸಿಗುತ್ತೆ. ಗೇರ್‌ಬಾಕ್ಸ್ ಸಿಗುತ್ತೆ. ಇಡೀ ಕ್ಯಾಬಿನ್ ಕೂಡ ಸಿಗುತ್ತೆ. ನಿಮ್ಮ ಆರ್‌ಸಿಯಲ್ಲಿರುವ ನಂಬರ್ ಹೊಡೆದ ಛಾಸಿ ಮಾತ್ರ ಎಲ್ಲೂ ಸಿಗಲ್ಲ.

ನಾನು ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವ ಎರಡು ಗಾಡಿಗಳನ್ನು. ಒಂದು ಮಹೀಂದ್ರಾ ಬೊಲೆರೋ ಪಿಕಪ್, 2523 ಸಿಸಿ ಇಂಜಿನ್ನಿನದು. ಇನ್ನೊಂದು ಟಾಟಾ 207 ಡಿಐ, 2956 ಸಿಸಿ. ಎರಡಕ್ಕೂ ನಾಲ್ಕು ಸಿಲಿಂಡರ್. ಟಾಟಾದ್ದು 497 ಕುಟುಂಬದ ಇಂಜಿನ್, ಅಂದರೆ 97 ಮಿ.ಮೀ. ಬೋರಿನದು (ಇಲ್ಲಿ ಬೋರ್ ಅಂದರೆ ಸಿಲಿಂಡರಿನ ಒಳ ಅಗಲ). ಅದೇ ಕುಟುಂಬದ ಇಂಜಿನ್ 407 ಲಾರಿಯ ಹಲವು ಮಾಡೆಲ್‌ಗಳಲ್ಲೂ ಇದೆ. ಬೇರೆ ಪಿಕಪ್ ಇದ್ದವರಿಗೂ ಲೆಕ್ಕಾಚಾರದ ದಾರಿ ಇದೇ.

ಮೊದಲು ಗಾಡಿಯ ಕೆಳಗೆ ಮಲಗಿ

ಒಂದು ಗೋಣಿಚೀಲ ಹಾಸಿಕೊಳ್ಳಿ. ಕೈಯಲ್ಲಿ ಟಾರ್ಚು, ಒಂದು ಸಣ್ಣ ಸುತ್ತಿಗೆ, ಒಂದು ಹಳೆ ಸ್ಕ್ರೂಡ್ರೈವರ್ ಇರಲಿ. ಛಾಸಿಯ ಉದ್ದದ ಎರಡು ತೊಲೆಗಳನ್ನು ಮುಂದಿನಿಂದ ಹಿಂದಿನವರೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ "ಟಣ್" ಅನ್ನುತ್ತೆ. ತುಕ್ಕು ತಿಂದ ಜಾಗ "ಡಬ್" ಅನ್ನುತ್ತೆ, ಪದರ ಪದರವಾಗಿ ಹಕ್ಕಳೆ ಉದುರುತ್ತೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಮೊನೆ ಒಳಗೆ ಇಳಿದರೆ ಮುಂದೆ ಓದುವ ಅಗತ್ಯವೇ ಇಲ್ಲ, ಗಾಡಿ ಮಾರುವ ಭಾಗಕ್ಕೆ ಹೋಗಿ.

ಮೂರು ಕಡೆ ವಿಶೇಷವಾಗಿ ನೋಡಬೇಕು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಬ್ರಾಕೆಟ್ ಛಾಸಿಗೆ ಕೂರುವ ಜಾಗ ಮೊದಲನೆಯದು, ಅಲ್ಲಿ ಕೆಸರು ನಿಂತು ಒಣಗಿ ನಿಂತು ಒಣಗಿ ಕಬ್ಬಿಣವನ್ನು ತಿನ್ನುತ್ತೆ. ಆಮೇಲೆ ಲೋಡ್ ಬಾಡಿಯನ್ನು ಛಾಸಿಗೆ ಬಿಗಿದಿರುವ ಬೋಲ್ಟುಗಳ ಸುತ್ತ. ಎಲ್ಲಕ್ಕಿಂತ ಮುಖ್ಯವಾದದ್ದು ಕ್ಯಾಬಿನ್ ಮುಗಿದು ಬಾಡಿ ಶುರುವಾಗುವ ಜಾಗ. ಓವರ್‌ಲೋಡ್ ಹೊಡೆದ ಗಾಡಿ ಬಾಗುವುದು, ಸೀಳುವುದು ಅಲ್ಲೇ. ಅಲ್ಲಿ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ ಗುರುತು ಕಂಡರೆ, ಆ ಗಾಡಿ ಒಮ್ಮೆ ಸೊಂಟ ಮುರಿದುಕೊಂಡಿದೆ ಅಂತಲೇ ತಿಳಿಯಿರಿ. ಮೇಲೆ ಎಷ್ಟು ಚೆನ್ನಾಗಿ ಕಪ್ಪು ಬಣ್ಣ ಬಳಿದಿದ್ದರೂ ಅಷ್ಟೇ.

ಗಾಡಿ ಎಲ್ಲಿ ದುಡಿದಿದೆ ಅನ್ನುವುದು ಮೀಟರ್‌ಗಿಂತ ಜಾಸ್ತಿ ಹೇಳುತ್ತೆ. ಕುಂದಾಪುರ, ಕಾರವಾರದ ಕಡೆ ಮೀನು ಹೊತ್ತ ಗಾಡಿಗೆ ಹೊರಗಿನಿಂದ ಉಪ್ಪುಗಾಳಿ, ಒಳಗಿನಿಂದ ಮೀನಿನ ಐಸ್ ನೀರು. ಎಂಟು ವರ್ಷದ ಗಾಡಿ ಹದಿನೆಂಟು ವರ್ಷದ್ದರಂತೆ ಕಾಣುತ್ತೆ. ಮಲೆನಾಡಿನ ಎಸ್ಟೇಟ್ ಗಾಡಿಗೆ ಮಳೆಯ ತುಕ್ಕು, ಜೊತೆಗೆ ಯಾವಾಗಲೂ ಒಂದು ಎರಡನೇ ಗೇರಿನಲ್ಲೇ ಏರಿದ ಇಂಜಿನ್. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಕ್ರೇಟ್ ಹೊತ್ತ ಗಾಡಿಯ ಛಾಸಿಗೆ ತುಕ್ಕು ಕಡಿಮೆ, ಆದರೆ ಸೀಸನ್ನಿನಲ್ಲಿ ಕ್ರೇಟ್ ಮೇಲೆ ಕ್ರೇಟ್ ಏರಿಸಿ ಸ್ಪ್ರಿಂಗ್ ಚಪ್ಪಟೆಯಾಗಿರುತ್ತೆ. ನನ್ನನ್ನು ಕೇಳಿದರೆ ನಾಲ್ಕು ಲಕ್ಷ ಓಡಿದ ಬಯಲುಸೀಮೆ ಗಾಡಿ, ಎರಡು ಲಕ್ಷ ಓಡಿದ ಕರಾವಳಿ ಗಾಡಿಗಿಂತ ಮೇಲು.

ಕಾಗದ ಸರಿ ಇದೆಯಾ?

ಪಿಕಪ್ ಹಳದಿ ಬೋರ್ಡಿನದ್ದಾದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ಹಳೆ ಗಾಡಿ ಇಟ್ಟುಕೊಳ್ಳುತ್ತೀರಿ ಅಂದರೆ ವರ್ಷಕ್ಕೊಮ್ಮೆ ಬ್ರೇಕು, ಲೈಟು, ಹೊಗೆ ಎಲ್ಲ ಸರಿ ಮಾಡಿಕೊಂಡು ಆರ್‌ಟಿಒ ಮುಂದೆ ನಿಲ್ಲಲು ತಯಾರಿರಬೇಕು. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಶುಲ್ಕವನ್ನು ಸರ್ಕಾರ ಚೆನ್ನಾಗಿಯೇ ಏರಿಸಿದೆ. ಇವತ್ತಿನ ದರ ಎಷ್ಟೆಂದು ಮೊದಲೇ ವಿಚಾರಿಸಿ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಒಂದು ಸಮಾಧಾನ: ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಪರ್ಮಿಟ್ ಬೇಕಿಲ್ಲ.

ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಬಂದ ನಿರ್ಬಂಧದ ಸುದ್ದಿ ಕೇಳಿ ನಮ್ಮ ಕಡೆಯವರೂ ಹೆದರಿ ಗಾಡಿ ಅಗ್ಗಕ್ಕೆ ಕೊಡುವುದುಂಟು. ಕರ್ನಾಟಕದಲ್ಲಿ ಹಾಗೆ ಬರೀ ವಯಸ್ಸು ನೋಡಿ ನಿಲ್ಲಿಸುವ ನಿಯಮ ಇಲ್ಲ. ಎಫ್‌ಸಿ ಪಾಸಾದರೆ ಓಡಿಸಬಹುದು.

ಆರ್‌ಸಿಯಲ್ಲಿ ಹಳೆ ಸಾಲದ ಬ್ಯಾಂಕಿನ ಹೆಸರು ಇನ್ನೂ ಕೂತಿದೆಯಾ ನೋಡಿ. ಸಾಲ ಎಂದೋ ತೀರಿರುತ್ತೆ, ಆದರೆ ಎನ್‌ಒಸಿ ಮತ್ತು ಫಾರಂ 35 ತಂದು ತೆಗೆಸಿರುವುದಿಲ್ಲ. ಫೈನಾನ್ಸ್ ಕೊಟ್ಟ ಸಂಸ್ಥೆ ಮುಚ್ಚಿಹೋಗಿದ್ದರೆ ಅದನ್ನು ಬಿಡಿಸುವುದು ಬೋರ್ ಕೆಲಸಕ್ಕಿಂತ ದೊಡ್ಡ ಕೆಲಸ. ಅದು ಬಗೆಹರಿಯುವ ಮೊದಲು ಇಂಜಿನ್ನಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಹೊಗೆ ಬಂದ ಮಾತ್ರಕ್ಕೆ ಇಂಜಿನ್ ಹೋಯಿತು ಅಂತಲ್ಲ

ಛಾಸಿ, ಕಾಗದ ಎರಡೂ ಪಾಸ್. ಈಗ ಬಾನೆಟ್ ಎತ್ತಿ.

ಕಪ್ಪು ಹೊಗೆ ಅಂದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೋ ಪೈಪ್ ಸೀಳಿರಬಹುದು, ನಾಝಲ್ (ಡೀಸೆಲ್ ಚಿಮ್ಮಿಸುವ ತುದಿ) ಉಚ್ಚೆ ಹೊಯ್ದ ಹಾಗೆ ಡೀಸೆಲ್ ಸುರಿಸುತ್ತಿರಬಹುದು. ಇದಕ್ಕೆಲ್ಲ ಇಂಜಿನ್ ಬಿಚ್ಚಬೇಕಿಲ್ಲ. ಬೆಳಿಗ್ಗೆ ಮಾತ್ರ ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತರೆ ಅದು ಸುಡದ ಡೀಸೆಲ್. ಹೀಟರ್ ಪ್ಲಗ್ ಇರುವ ಗಾಡಿಯಲ್ಲಿ ಮೊದಲು ಅದನ್ನು ನೋಡಿ, ಆಮೇಲೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗ ಬರುವ ಒತ್ತಡ). ಬಿಳಿ ಹೊಗೆ ನಿಲ್ಲದೇ ಬಂದು ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ನೀಲಿ ಹೊಗೆಯೇ ಆಯಿಲ್ ಸುಡುವ ಹೊಗೆ. ಇಲ್ಲಿಯೂ ಅವಸರ ಬೇಡ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಒಮ್ಮೆ ನೀಲಿ ಉಗುಳಿ ಸುಮ್ಮನಾದರೆ ವಾಲ್ವ್ ಸೀಲ್ ಇರಬಹುದು. ಟರ್ಬೋ ಗಾಡಿಯಾದರೆ ಟರ್ಬೋದಿಂದ ಇಂಜಿನ್ನಿಗೆ ಹೋಗುವ ಗಾಳಿ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ. ಆಯಿಲ್ ತೊಟ್ಟಿಕ್ಕುತ್ತಿದ್ದರೆ ಕಳ್ಳ ಟರ್ಬೋದ ಸೀಲ್, ಪಿಸ್ಟನ್ ರಿಂಗ್ ಅಲ್ಲ. ಎಷ್ಟೋ ಇಂಜಿನ್‌ಗಳನ್ನು ಟರ್ಬೋ ತಪ್ಪಿಗೆ ಬಿಚ್ಚಿದ್ದಾರೆ.

ಹಾಗಾದರೆ ಇಂಜಿನ್ ನಿಜಕ್ಕೂ ಸವೆದಿದೆ ಅಂತ ಗೊತ್ತಾಗುವುದು ಹೇಗೆ? ಬಿಸಿ ಇಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಸುರಿಯುವ ಮುಚ್ಚಳವನ್ನು ತೆಗೆದು ಅಲ್ಲೇ ತಲೆಕೆಳಗಾಗಿ ಇಡಿ. ಸ್ವಲ್ಪ ಅಲುಗಿದರೆ ಚಿಂತೆ ಇಲ್ಲ. ಕುಣಿದು ಕೆಳಗೆ ಬಿದ್ದರೆ, ಉಗಿಯಂತೆ ಹೊಗೆ ದಬದಬ ಎಂದು ಬಂದರೆ, ರಿಂಗ್ ದಾಟಿ ಗಾಳಿ ಕೆಳಗಿಳಿಯುತ್ತಿದೆ. ಆಮೇಲೆ ಒಬ್ಬರನ್ನು ಕ್ಲಚ್ ಒತ್ತಲು ಹೇಳಿ, ನೀವು ಕ್ರ್ಯಾಂಕ್ ಪುಲ್ಲಿ ನೋಡಿ. ಒತ್ತಿದಾಗಲೆಲ್ಲ ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ, ಕ್ರ್ಯಾಂಕ್ ಕೆಲಸ ಕಾದಿದೆ. ಕೊನೆಗೆ ಕಂಪ್ರೆಷನ್ ಟೆಸ್ಟ್. ಡೀಸೆಲ್ ಇಂಜಿನ್ನಿನಲ್ಲಿ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ ಬರಬೇಕು. ಅದಕ್ಕಿಂತಲೂ ನಾಲ್ಕು ಸಿಲಿಂಡರ್ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ ಒಂದೇ ಸಮ ಕಡಿಮೆಯಾಗಿದ್ದರೆ ವಯಸ್ಸಿನ ಸವೆತ. ಒಂದು ಮಾತ್ರ ಕುಸಿದಿದ್ದರೆ ಅಲ್ಲೇನೋ ಮುರಿದಿದೆ ಅಥವಾ ಸುಟ್ಟಿದೆ. ಟೆಸ್ಟ್ ಮಾಡದೆ "ನನಗೆ ಸದ್ದಲ್ಲೇ ಗೊತ್ತಾಗುತ್ತೆ" ಅನ್ನುವ ಮೆಕ್ಯಾನಿಕ್ಕಿಗೆ ಒಂದು ನಮಸ್ಕಾರ ಹೇಳಿ ಮುಂದಿನ ಗ್ಯಾರೇಜಿಗೆ ಹೋಗಿ.

ಹೆಡ್ ಇಳಿಸಿ, ರಿಂಗ್ ಹಾಕಿ, ಮುಚ್ಚುವುದು

ಇದು ಅಗ್ಗದ ದಾರಿ. ಹೆಡ್ ಇಳಿಸಿ ವಾಲ್ವ್ ಕೂರಿಸಿ, ಪಿಸ್ಟನ್ ಹೊರತೆಗೆದು ಹೊಸ ರಿಂಗ್, ಹೊಸ ಬೇರಿಂಗ್ ಹಾಕಿ ಮುಚ್ಚುತ್ತಾರೆ. ನಾಲ್ಕೈದು ದಿನದಲ್ಲಿ ಗಾಡಿ ಮನೆಗೆ.

ಇದು ನಿಲ್ಲುತ್ತೋ ಇಲ್ಲವೋ ಎಂದು ಹೇಳುವುದು ನಿಮ್ಮ ಉಗುರು. ಹೆಡ್ ಇಳಿಸಿದ ಮೇಲೆ ಗ್ಯಾರೇಜಿಗೆ ಹೋಗಿ, ಮಸಿ ಒರೆಸಿ, ಪ್ರತಿ ಸಿಲಿಂಡರಿನ ಮೇಲ್ಭಾಗದಲ್ಲಿ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ರಿಂಗ್ ಮುಟ್ಟದ ಮೇಲಿನ ಅಂಚು ಹಾಗೇ ಉಳಿದು, ಕೆಳಗೆ ಸವೆದಿದ್ದರೆ ಅಲ್ಲೊಂದು ಮೆಟ್ಟಿಲು ಆಗಿರುತ್ತೆ. ಉಗುರು ಸರಾಗ ಜಾರಿದರೆ ಹೋನಿಂಗ್ (ಒಳಗೋಡೆಯನ್ನು ಕಲ್ಲಿನಿಂದ ಮೆಲ್ಲಗೆ ಉಜ್ಜುವುದು) ಮಾಡಿಸಿ ರಿಂಗ್ ಹಾಕಬಹುದು. ಉಗುರು ತಡೆದು ನಿಂತರೆ ಹೊಸ ರಿಂಗ್ ದಂಡ. ಸಿಲಿಂಡರ್ ಅಷ್ಟು ಹೊತ್ತಿಗೆ ದುಂಡಗೆ ಉಳಿದಿರುವುದಿಲ್ಲ, ರಿಂಗ್ ದುಂಡಗಿರುತ್ತೆ. ಎರಡೂ ಹೊಂದುವುದಿಲ್ಲ, ಕೆಲವೇ ತಿಂಗಳಲ್ಲಿ ಅದೇ ನೀಲಿ ಹೊಗೆ.

ತೋಟದಿಂದ ರಸ್ತೆಗೆ, ರಸ್ತೆಯಿಂದ ಡೈರಿಗೆ ಅಂತ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವ ಗಾಡಿಗೆ ಈ ದಾರಿ ಸಾಕು. ಬಾಡಿಗೆಗೆ ದುಡಿಯುವ ಗಾಡಿಗೆ ಬೇಡ. ಇನ್ನೊಂದು ಮಾತು, ಇಲ್ಲಿ ಸುಮ್ನೆ ಆಯಿಲ್ ಕುಡಿಸಿಕೊಂಡು ಓಡಿಸುವುದೂ ಒಂದು ಆಯ್ಕೆಯೇ. 500 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಹೋದರೂ, ತಿಂಗಳಿಗೆ 600 ಕಿ.ಮೀ. ಓಡುವ ಗಾಡಿಗೆ ಅದು ಲೀಟರ್ ಮೇಲೆ ಚೂರು. ಎಫ್‌ಸಿ ಹೊಗೆ ಟೆಸ್ಟ್ ಪಾಸಾಗುವವರೆಗೆ ಹಾಗೇ ದೂಡಬಹುದು, ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಇದ್ದರೆ.

ಪೂರ್ತಿ ಇಂಜಿನ್ ಕೆಲಸ

ಛಾಸಿ ಗಟ್ಟಿ ಇದ್ದು, ಇನ್ನೂ ಐದಾರು ವರ್ಷ ದುಡಿಸುವ ಮನಸ್ಸಿದ್ದರೆ ನನ್ನ ಮತ ಇದಕ್ಕೇ. ಆದರೆ "ಬೋರ್ ಮಾಡಿಸಿದೆ" ಅನ್ನುವ ಎರಡು ಇಂಜಿನ್‌ಗಳ ನಡುವೆ ಅಜಗಜಾಂತರ ಇರುತ್ತೆ. ಒಂದು ಎರಡು ಲಕ್ಷ ಕಿ.ಮೀ. ಓಡುತ್ತೆ, ಇನ್ನೊಂದು ಮುಂದಿನ ಬೇಸಿಗೆಯಲ್ಲೇ ಸೀಜ್ ಆಗುತ್ತೆ. ವ್ಯತ್ಯಾಸ ಬರುವುದು ಲೇತ್ ಅಂಗಡಿಯಲ್ಲಿ.

ಮೊದಲು ಪಿಸ್ಟನ್ ಕೊಳ್ಳಬೇಕು, ಆಮೇಲೆ ಬೋರ್. ಈ ಕ್ರಮ ತಪ್ಪಬಾರದು. ಹೊಸ ಪಿಸ್ಟನ್‌ಗಳನ್ನು ಲೇತಿನವರ ಕೈಗೆ ಕೊಟ್ಟು, ಅವುಗಳನ್ನು ಅಳೆದು, ಅವಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯಬೇಕು. ಕೆಲವು ಇಂಜಿನ್‌ಗಳಲ್ಲಿ ಹಳೆ ಲೈನರ್ (ಸಿಲಿಂಡರಿನ ಒಳಗೆ ಕೂರುವ ಕೊಳವೆ) ಕಿತ್ತು ಹೊಸದು ಒತ್ತಿ ಸ್ಟ್ಯಾಂಡರ್ಡ್ ಸೈಜಿಗೇ ವಾಪಸ್ ತರಬಹುದು. ಹಾಗಿದ್ದರೆ ಅದೇ ಒಳ್ಳೆಯದು, ಇನ್ನೊಮ್ಮೆ ಬಿಚ್ಚುವ ಕಾಲಕ್ಕೂ ಬ್ಲಾಕ್ ಉಳಿಯುತ್ತೆ. ಕ್ರ್ಯಾಂಕ್ ಲೆಕ್ಕ ಲೇತ್ ಅಂಗಡಿಗಳಲ್ಲಿ ಇನ್ನೂ ಥೌನಲ್ಲೇ ನಡೆಯುತ್ತೆ: ಟೆನ್ ಥೌ, ಟ್ವೆಂಟಿ ಥೌ, ಥರ್ಟಿ ಥೌ. ಟೆನ್ ಥೌ ಅಂದರೆ ಇಂಚಿನ ಸಾವಿರದ ಹತ್ತು ಪಾಲು, ಸುಮಾರು ಕಾಲು ಮಿಲಿಮೀಟರ್. ಕ್ರ್ಯಾಂಕನ್ನು ಅಷ್ಟು ಉಜ್ಜಿ, ಅದಕ್ಕೆ ತಕ್ಕಂತೆ ದಪ್ಪ ಹೆಚ್ಚಿರುವ ಬೇರಿಂಗ್ ಹಾಕುತ್ತಾರೆ. ನಿಮ್ಮ ಕ್ರ್ಯಾಂಕ್ ಈಗಾಗಲೇ ಥರ್ಟಿ ಥೌ ಆಗಿದ್ದರೆ ಮತ್ತೆ ಉಜ್ಜಿಸಬೇಡಿ, ಬೇರೆ ಕ್ರ್ಯಾಂಕ್ ಹುಡುಕಿ. ಹಳೆ ಬೇರಿಂಗ್ ಚಿಪ್ಪಿನ ಬೆನ್ನ ಮೇಲೆ ಸೈಜ್ ಹೊಡೆದಿರುತ್ತೆ, ತೊಳೆದು ಓದಿ. ಹಿಂದಿನ ಮಾಲೀಕ "ಇಂಜಿನ್ ಇನ್ನೂ ಬಿಚ್ಚೇ ಇಲ್ಲ" ಅಂದಿದ್ದರೆ ನಿಜ ಹೊರಬರುವುದೂ ಅಲ್ಲೇ.

ಪಿಸ್ಟನ್ ರಿಂಗ್, ಬೇರಿಂಗ್‌ಗಳಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಯಲಹಂಕದಲ್ಲೇ ಫ್ಯಾಕ್ಟರಿ ಇರುವ ಗೋಯೆಟ್ಜ್‌ನಂಥ ಕಂಪನಿಗಳ ಮಾಲು ಜೆ.ಸಿ. ರಸ್ತೆಯಲ್ಲಿ ಸಲೀಸಾಗಿ ಸಿಗುತ್ತೆ. ಅಂಥ ಹೆಸರಿನ ಡಬ್ಬದಲ್ಲಿ ಬೇರೆ ಮಾಲು ಕೂಡ ಸಿಗುತ್ತೆ. ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಂಡರೆ ಅರ್ಧ ತಲೆನೋವು ಕಡಿಮೆ.

ಬ್ಲಾಕ್ ಲೇತಿನಿಂದ ಬಂದ ಮೇಲೆ ತೊಳೆಯುವುದು ಎಲ್ಲರೂ ಹಾರಿಸುವ ಕೆಲಸ. ಕೊರೆದ ಕಬ್ಬಿಣದ ಪುಡಿ, ಹೋನಿಂಗ್ ಕಲ್ಲಿನ ಪುಡಿ ಆಯಿಲ್ ದಾರಿಗಳಲ್ಲಿ ಕೂತಿರುತ್ತೆ. ಡೀಸೆಲ್ ಹಾಕಿ ಬ್ರಷ್ ಆಡಿಸಿದರೆ ಸಾಲದು. ಸೋಪು ನೀರಿನಲ್ಲಿ ಉಜ್ಜಿ, ಆಯಿಲ್ ದಾರಿಯ ಪ್ಲಗ್ ತೆಗೆದು, ಗಾಳಿ ಹೊಡೆದು, ಬಿಳಿ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿದರೆ ಬಟ್ಟೆ ಬಿಳಿಯಾಗೇ ಇರಬೇಕು. ಆ ಹೊತ್ತಿಗೆ ನೀವೇ ಅಲ್ಲಿ ನಿಂತಿರಿ. ಆಯಿಲ್ ಪಂಪ್ ಹಳೆಯದೇ ಹಾಕುತ್ತೇನೆ ಅಂದರೆ ಒಪ್ಪಬೇಡಿ, ಅಳೆಸಿ ನೋಡಿ. ಹೆಡ್ ಬೋಲ್ಟ್ ಬಿಗಿಯಲು ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಲೇಬೇಡಿ.

ಇಂಜಿನ್ ಕೆಳಗಿಳಿದಾಗ ಮಾಡದಿದ್ದರೆ ಮತ್ತೆ ಡಬಲ್ ಕೂಲಿ ಕೊಡಬೇಕಾದ ಕೆಲಸಗಳೂ ಇವೆ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್, ಹಿಂದಿನ ಆಯಿಲ್ ಸೀಲ್, ಇಂಜಿನ್ ಮೌಂಟಿಂಗ್, ನೀರಿನ ಪಂಪ್. ರೇಡಿಯೇಟರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಹಳೆ ಇಂಜಿನ್ ಸವೆದಿದ್ದಕ್ಕೆ ಎಷ್ಟೋ ಸಲ ಅರ್ಧ ಕಟ್ಟಿಹೋದ ರೇಡಿಯೇಟರೇ ಕಾರಣ. ಬೋರ್ ಮಾಡಿದ ಹೊಸತರಲ್ಲಿ ಇಂಜಿನ್ ಬಿಗಿಯಾಗಿ ಇನ್ನೂ ಜಾಸ್ತಿ ಬಿಸಿಯಾಗುತ್ತೆ. ಅದೇ ರೇಡಿಯೇಟರ್ ವಾಪಸ್ ಕೂರಿಸಿದರೆ ಹಾಕಿದ ದುಡ್ಡೆಲ್ಲ ಘಾಟಿ ಹತ್ತುವಾಗ ಆವಿಯಾಗುತ್ತೆ.

ಎರಡು ವಾರ ಗಾಡಿ ಇರುವುದಿಲ್ಲ ಅಂದುಕೊಳ್ಳಿ. ಲೇತಿನಲ್ಲಿ ಸರದಿ ಇದ್ದರೆ ಇನ್ನೂ ಜಾಸ್ತಿ. ಬಾಡಿಗೆ ಗಾಡಿಯಾದರೆ ಈ ದಿನಗಳ ದುಡಿಮೆಯೂ ಖರ್ಚೇ, ಅಲ್ವಾ? ಸೀಸನ್ ನೋಡಿಕೊಂಡು ಬಿಚ್ಚಿಸಿ. ಮೈಲೇಜು ದುಪ್ಪಟ್ಟಾಗುತ್ತೆ ಅನ್ನುವ ಮಾತನ್ನು ನಂಬಬೇಡಿ. ಲೀಟರಿಗೆ 10 ಕೊಡುತ್ತಿದ್ದದ್ದು 12.5 ಕೊಟ್ಟರೆ ದೊಡ್ಡ ಮಾತು. ಅಷ್ಟಾದರೂ ತಿಂಗಳಿಗೆ 1,000 ಕಿ.ಮೀ. ಓಡಿಸುವವರಿಗೆ 20 ಲೀಟರ್ ಉಳಿಯುತ್ತೆ. ಡೀಸೆಲ್ ಲೀಟರಿಗೆ 90 ರೂಪಾಯಿ ಅಂದರೂ 1,800 ರೂಪಾಯಿ.

ಗುಜರಿ ಇಂಜಿನ್

ಶಿವಾಜಿನಗರದಲ್ಲಿ ಸಾಲಾಗಿ ಇಟ್ಟಿರುವ ಇಂಜಿನ್‌ಗಳನ್ನು ನೋಡಿದರೆ ಆಸೆಯಾಗುವುದು ಸಹಜ. ಎರಡೇ ದಿನದ ಕೆಲಸ, ಬೋರಿಗಿಂತ ಹೆಚ್ಚಿನ ಸಲ ಅಗ್ಗ. ಹೆಡ್ ಇಲ್ಲದ ಹಾಫ್ ಇಂಜಿನ್ ಕೂಡ ಸಿಗುತ್ತೆ, ನಿಮ್ಮ ಹೆಡ್ ಅದರ ಮೇಲೆ ಕೂರಿಸಬಹುದು. ಅಪಘಾತವಾದ ಹೊಸ ಗಾಡಿಯಿಂದ ಬಂದ ಇಂಜಿನ್ ಸಿಕ್ಕರೆ ಅದೃಷ್ಟ. ಆದರೆ ಅಲ್ಲಿರುವ ಎಲ್ಲ ಇಂಜಿನ್‌ಗಳೂ "ಆಕ್ಸಿಡೆಂಟ್ ಗಾಡೀದು ಸಾರ್, ಬರೀ ನಲವತ್ತು ಸಾವಿರ ಓಡಿರೋದು" ಅನ್ನುವಂಥವೇ!

ಇಂಜಿನ್ ಕೊಳ್ಳುವ ಮೊದಲು ನೆಲದ ಮೇಲೆ ಇಟ್ಟೇ ಸ್ಟಾರ್ಟ್ ಮಾಡಿಸಿ. ಬ್ಯಾಟರಿ, ಡೀಸೆಲ್ ಡಬ್ಬ ಕೊಟ್ಟರೆ ಮೆಕ್ಯಾನಿಕಲ್ ಪಂಪಿನ ಇಂಜಿನ್ ಹಾಗೂ ಓಡುತ್ತೆ. ಮುಚ್ಚಳದ ಪರೀಕ್ಷೆ ಅಲ್ಲಿಯೂ ಮಾಡಿ. ಬಹಳ ದಿನದಿಂದ ಹೊರಗೆ ಬಿದ್ದಿದ್ದ ಇಂಜಿನ್ ಆಗಿದ್ದರೆ ಸಿಲಿಂಡರಿಗೆ ಮಳೆ ನೀರು ಇಳಿದಿರುವ ಸಾಧ್ಯತೆ ಇದೆ, ಕೈಯಲ್ಲಿ ತಿರುಗಿಸಿದರೆ ಗೊತ್ತಾಗುತ್ತೆ.

ದೊಡ್ಡ ತೊಡಕು ನಂಬರಿನದು. ಇಂಜಿನ್ ನಂಬರ್ ಹೊಡೆದಿರುವುದು ಬ್ಲಾಕಿನ ಮೇಲೆ. ಹಾಗಾಗಿ ಹಾಫ್ ಇಂಜಿನ್ ಹಾಕಿದರೂ ನಂಬರ್ ಬದಲಾಗುತ್ತೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಗಾಡಿಯ ವಿವರ ಆರ್‌ಸಿಗಿಂತ ಬೇರೆಯಾಗುವಂತೆ ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಅದೇ ಕಂಪನಿಯ ಅದೇ ಮಾಡೆಲ್ ಇಂಜಿನ್ ಹಾಕಿ, ಕೊಂಡ ಬಿಲ್ ಮತ್ತು ಅದು ಬಂದ ಗಾಡಿಯ ಕಾಗದ ಇಟ್ಟುಕೊಂಡು, ಆರ್‌ಟಿಒದಲ್ಲಿ ಹೊಸ ನಂಬರ್ ಸೇರಿಸಬೇಕು. ಕಾಗದ ಕೊಡುವುದಿಲ್ಲ ಅನ್ನುವ ಅಂಗಡಿಯ ಇಂಜಿನ್ ಎಷ್ಟೇ ಚೆನ್ನಾಗಿರಲಿ, ಬಿಟ್ಟು ಬನ್ನಿ. ಕದ್ದ ಗಾಡಿಯದ್ದಾದರೆ ಪೊಲೀಸರು ಬರುವುದು ನಿಮ್ಮ ಮನೆಗೆ. ನಂಬರ್ ಬದಲಿಸದೆ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಎಫ್‌ಸಿಯಲ್ಲಿ ಸಿಕ್ಕಿಬೀಳದೇ ಇರಬಹುದು, ಆದರೆ ಅಪಘಾತವಾಗಿ ವಿಮೆ ಕೇಳಿದಾಗ ಸರ್ವೇಯರ್ ಮೊದಲು ನೋಡುವ ವಿಷಯಗಳಲ್ಲಿ ಅದೂ ಒಂದು.

ನಿಮ್ಮದು ಯಾವ ಪಂಪು?

ಬೋರಾ, ಗುಜರಿಯಾ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಡೀಸೆಲ್ ಪಂಪಿನಲ್ಲಿದೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ (ಮೈಕೋ) 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಅದು "ಮೈಕೋ ಪಂಪು". ಅಂಥ ಮೆಕ್ಯಾನಿಕಲ್ ಪಂಪಿನ ಹಳೆ ಡಿಐ ಇಂಜಿನ್ ಇದ್ದರೆ ನೀವು ಪುಣ್ಯವಂತರು. ಜಿಲ್ಲಾ ಕೇಂದ್ರಗಳಲ್ಲೆಲ್ಲ ಪಂಪ್ ಬೆಂಚು ಇದೆ. ಪಂಪನ್ನು ಅಲ್ಲಿ ಕೂರಿಸಿ ತಿರುಗಿಸಿ, ಪ್ರತಿ ಸಿಲಿಂಡರಿಗೂ ಸಮ ಡೀಸೆಲ್ ಹೋಗುವಂತೆ ಸರಿಮಾಡುತ್ತಾರೆ. ನಾಝಲ್ ತುದಿ ಬದಲಿಸಿ ಇಂಜೆಕ್ಟರನ್ನು ಮತ್ತೆ ಹೊಸದರಂತೆ ಮಾಡಬಹುದು. ಇಂಥ ಗಾಡಿಗೆ ಪೂರ್ತಿ ಇಂಜಿನ್ ಕೆಲಸ ಲಾಭದ್ದೇ.

ಕಾಮನ್ ರೈಲ್ ಗಾಡಿಯ, ಅಂದರೆ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ ಗಾಡಿಯ ಲೆಕ್ಕ ಬೇರೆ. ಅಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡ, ಕಂಪ್ಯೂಟರ್, ಸೆನ್ಸರ್‌ಗಳು. ಬೋರ್ ಕೆಲಸ ಒಂದು ತೂಕವಾದರೆ ನಾಲ್ಕು ಇಂಜೆಕ್ಟರ್, ಹೈ ಪ್ರೆಷರ್ ಪಂಪ್ ಎರಡೂ ಹೋಗಿದ್ದರೆ ಅವುಗಳ ಖರ್ಚು ಇನ್ನೊಂದು ತೂಕ. ಮೊದಲು ಇಂಜೆಕ್ಟರ್‌ಗಳ ರಿಟರ್ನ್ ಡೀಸೆಲ್ (ಸುಡದೆ ವಾಪಸ್ ಹೋಗುವ ಡೀಸೆಲ್) ಅಳೆಸಿ. ಅವು ಚೆನ್ನಾಗಿದ್ದರೆ ಬೋರ್ ಮಾಡಿಸಿ. ಅವೂ ಮುಗಿದಿದ್ದರೆ ಪಂಪ್, ಇಂಜೆಕ್ಟರ್ ಸಮೇತ ಕಾಗದ ಇರುವ ಗುಜರಿ ಇಂಜಿನ್ ಹುಡುಕುವುದೇ ಲೇಸು.

ಕೊಟ್ಟುಬಿಡುವುದು

6 ಲಕ್ಷ ಸಾಲ, ವರ್ಷಕ್ಕೆ 11% ಬಡ್ಡಿ, 5 ವರ್ಷ ಅಂದುಕೊಳ್ಳಿ. ತಿಂಗಳ ಕಂತು ಸುಮಾರು 13,050 ರೂಪಾಯಿ, ಒಟ್ಟು ಕಟ್ಟುವುದು 7.8 ಲಕ್ಷದ ಮೇಲೆ. ನಿಮ್ಮೂರಿನಲ್ಲಿ ಇಂಜಿನ್, ಕ್ಲಚ್, ರೇಡಿಯೇಟರ್, ಬ್ರೇಕ್ ಎಲ್ಲ ಸೇರಿ 1.2 ಲಕ್ಷ ಅಂತ ಲೆಕ್ಕ ಬಂದರೆ ಅದು ಒಂಬತ್ತು ಕಂತಿನ ದುಡ್ಡು. ಗಾಡಿ ಒಂದು ವರ್ಷ ತೊಂದರೆ ಕೊಡದೆ ಓಡಿದರೂ ಹಾಕಿದ್ದು ವಾಪಸ್. ದಿನಕ್ಕೆ 200 ಕಿ.ಮೀ. ಓಡಿಸಿ, ರಾತ್ರಿ ಹೊತ್ತು ಘಾಟಿ ಇಳಿದು, ಒಂದು ಟ್ರಿಪ್ ತಪ್ಪಿದರೆ ಗಿರಾಕಿಯೇ ತಪ್ಪುವ ದಂಧೆ ನಿಮ್ಮದಾದರೆ ಮಾತ್ರ ಕಂತಿನ ಗಾಡಿಗೇ ಹೋಗಿ. ಅಲ್ಲಿ ನೆಮ್ಮದಿಗೂ ಬೆಲೆ ಇದೆ.

ಛಾಸಿ ಹೋಗಿದೆ ಅಂತಲೇ ಮಾರುತ್ತಿದ್ದರೆ ಗುಜರಿಯವನಿಗೆ ಕೀ ಕೊಟ್ಟು ದುಡ್ಡು ಎಣಿಸಿಕೊಂಡು ಬರಬೇಡಿ. ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತೆ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟರೆ ಸರ್ಟಿಫಿಕೇಟ್ ಆಫ್ ಡಿಪಾಸಿಟ್ ಕೊಡುತ್ತಾರೆ. ಅದನ್ನು ತೋರಿಸಿದರೆ ಹೊಸ ಸಾರಿಗೆ ವಾಹನದ ತೆರಿಗೆಯಲ್ಲಿ 15% ತನಕ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಹೊಸದು ಬುಕ್ ಮಾಡುವ ಮೊದಲೇ ಷೋರೂಮಿನಲ್ಲಿ, ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ದುಡ್ಡು ಹಾಕುವ ಕ್ರಮ, ಗ್ಯಾರೇಜಿನ ಮಾತುಕತೆ

ಉಳಿಸಿಕೊಳ್ಳುವುದು ಅಂತ ತೀರ್ಮಾನವಾದರೆ ಬ್ರೇಕು, ಸ್ಟೀರಿಂಗ್, ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್, ಟೈರು ಮೊದಲು. ಇಂಜಿನ್ ಆಮೇಲೆ. ವೈರಿಂಗ್ ಅದರ ಹಿಂದೆ. ಹಳೆ ಪಿಕಪ್ಪಿಗೆ ಬೆಂಕಿ ಬೀಳುವುದು ಇನ್ಸುಲೇಷನ್ ಟೇಪ್ ಸುತ್ತಿ ಸುತ್ತಿ ಇಟ್ಟ ವೈರಿನಿಂದಲೇ. ಟಿಂಕರಿಂಗ್, ಪೇಂಟು ಕಟ್ಟಕಡೆಗೆ. ನಮ್ಮವರು ಉಲ್ಟಾ ಮಾಡುತ್ತಾರೆ. ಮೊದಲು ಪಳಪಳ ಬಣ್ಣ, ಹಿಂದೆ ದೇವರ ಹೆಸರು, ಹೊಸ ಸೀಟು. ಬ್ರೇಕ್ ಡ್ರಮ್ ಮಾತ್ರ ಹಳೆಯದೇ.

ಗ್ಯಾರೇಜಿನಲ್ಲಿ "ಒಟ್ಟು ಇಷ್ಟು ಕೊಡಿ ಅಣ್ಣಾ" ಅನ್ನುವ ಗುತ್ತಿಗೆ ಬೇಡ. ಸಾಮಾನು ಒಂದು ಲೆಕ್ಕ, ಲೇತ್ ಒಂದು ಲೆಕ್ಕ, ಕೂಲಿ ಒಂದು ಲೆಕ್ಕ, ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಲೇತಿನವರಿಗೆ ನೀವೇ ದುಡ್ಡು ಕೊಟ್ಟು, ಬೋರ್ ಎಷ್ಟು, ಕ್ರ್ಯಾಂಕ್ ಎಷ್ಟು ಥೌ ಅಂತ ಚೀಟಿ ಪಡೆಯಿರಿ. ಬಿಚ್ಚಿದ ಹಳೆ ಸಾಮಾನನ್ನೆಲ್ಲ ಒಂದು ಚೀಲದಲ್ಲಿ ವಾಪಸ್ ಕೇಳಿ. ಯಾವುದು ಬದಲಾಯಿತು, ಯಾವುದು ಬಿಲ್ಲಿನಲ್ಲಿ ಮಾತ್ರ ಬದಲಾಯಿತು ಅನ್ನುವುದು ಆಗ ತಿಳಿಯುತ್ತೆ.

ಗಾಡಿ ಹೊರಬಂದ ಮೇಲೆ ಮೊದಲ ಸಾವಿರ ಕಿ.ಮೀ. ಪೂರ್ತಿ ಲೋಡ್ ಹಾಕಬೇಡಿ. ಹಾಗಂತ ಖಾಲಿ ಗಾಡಿಯನ್ನು ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವುದೂ ತಪ್ಪು, ರಿಂಗ್ ಕೂರುವುದಿಲ್ಲ. ಅರ್ಧ ಲೋಡಿನಲ್ಲಿ, ವೇಗ ಹೆಚ್ಚು ಕಡಿಮೆ ಮಾಡುತ್ತಾ ಓಡಿಸಿ. 500 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಿ. ಇಳಿಸಿದ ಆಯಿಲನ್ನು ಅಗಲದ ತಟ್ಟೆಗೆ ಹಾಕಿ ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಮಿನುಗು ಇದ್ದರೆ ಸಹಜ. ಕೈಗೆ ಸಿಗುವ ಚೂರುಗಳಿದ್ದರೆ ಲೋಡ್ ಹಾಕುವ ಮೊದಲು ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿ, ಬೇರಿಂಗ್ ನೋಡಿಸಿ.